ಹಳೆಯ ಲ್ಯಾಪ್‌ಟಾಪಿನಿಂದ ವಿಂಡೋಸ್ 10 ತೆಗೆದು ಲಿನಕ್ಸ್ ಮಿಂಟ್ ಹಾಕುವುದು: ಸಮಗ್ರ ಮಾರ್ಗದರ್ಶಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ಮನೆಬಳಕೆದಾರರಿಗೆ ಘೋಷಿಸಿದ ವಿಸ್ತೃತ ಭದ್ರತಾ ಯೋಜನೆಯೂ 2026ರ ಅಕ್ಟೋಬರ್ 13ರ ವರೆಗಿನದು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಹೀಗಾಗಿ 2016–17ರ ಸುಮಾರಿಗೆ ಕೊಂಡ, ಪರದೆ, ಕೀಲಿಮಣೆ ಎಲ್ಲವೂ ಚೆನ್ನಾಗಿಯೇ ಇರುವ ಅಸಂಖ್ಯ ಲ್ಯಾಪ್‌ಟಾಪ್‌ಗಳು ಏಕಾಏಕಿ ‘ಹಳೆಯವು’ ಎನಿಸಿಕೊಂಡಿವೆ. ಅವನ್ನು ಗುಜರಿಗೆ ಹಾಕಬೇಕಾಗಿಲ್ಲ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಬಹುದು.

ನಮ್ಮ ಅತ್ತೆಯವರ ಲ್ಯಾಪ್‌ಟಾಪ್ ಅಂಥದೊಂದು. ಆರನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಅವರು ನಿವೃತ್ತ ಶಿಕ್ಷಕಿ. ಶಾಲಾ ವಾರ್ಷಿಕೋತ್ಸವಗಳಿಗಾಗಿ ಬರೆದ ಮಕ್ಕಳ ನಾಟಕಗಳೆಲ್ಲ ಅದರಲ್ಲೇ ಇದ್ದವು. ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿದ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ. ಅನುಸ್ಥಾಪನೆ ಅರ್ಧ ಗಂಟೆಯ ಕೆಲಸ. ಅದಕ್ಕೆ ಮುಂಚಿನ ತಯಾರಿಗೆ ಮಾತ್ರ ಎರಡು ದಿನ ಹಿಡಿಯಿತು. ಆ ಎರಡು ದಿನಗಳನ್ನು ಉಳಿಸಲು ಹೋದವರೇ ಹೆಚ್ಚಾಗಿ ಕಡತಗಳನ್ನು ಕಳೆದುಕೊಳ್ಳುವುದರಿಂದ, ಈ ಬರಹದ ಅರ್ಧಭಾಗ ತಯಾರಿಗೇ ಮೀಸಲು.

ಮೊದಲು ಕೇಳಿಕೊಳ್ಳಬೇಕಾದದ್ದು

ದಿನನಿತ್ಯ ಬಳಸುವ ತಂತ್ರಾಂಶಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬ್ರೌಸರ್, ಇಮೇಲ್, ವಿಡಿಯೊ ಕರೆ, ಪಿಡಿಎಫ್ ಓದು, ಪತ್ರ ಬರೆಯುವುದು, ಲೆಕ್ಕದ ಹಾಳೆ ಇಷ್ಟೇ ಇದ್ದರೆ ನಿಶ್ಚಿಂತೆಯಿಂದ ಮುಂದುವರಿಯಬಹುದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಫೋಟೊಶಾಪ್ ಅಥವಾ ಕೋರೆಲ್‌ಡ್ರಾ ನಂಬಿ ಸ್ಟುಡಿಯೊ ನಡೆಸುವವರು ಆ ಗಣಕದಲ್ಲಿ ವಿಂಡೋಸ್ ಉಳಿಸಿಕೊಳ್ಳುವುದೇ ಸರಿ. ಇವಕ್ಕೆ ಲಿನಕ್ಸ್ ಆವೃತ್ತಿ ಇಲ್ಲ, ಪರ್ಯಾಯ ಮಾರ್ಗಗಳನ್ನು ಜೀವನೋಪಾಯದ ಕೆಲಸಕ್ಕೆ ನಾನು ಸೂಚಿಸಲಾರೆ. ಜಿಎಸ್‌ಟಿ ಅಥವಾ ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರೂ ತಡೆದು ಯೋಚಿಸಬೇಕು. ಟೋಕನ್ನಿಗೆ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇದ್ದ ಮಾತ್ರಕ್ಕೆ ಜಾಲತಾಣದ ಸಹಿ ತಂತ್ರಾಂಶವೂ ಕೆಲಸ ಮಾಡುತ್ತದೆಂದು ಹೇಳಲಾಗದು.

ಪ್ರಿಂಟರಿನ ಮಾದರಿ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳು ಮಿಂಟ್‌ನಲ್ಲಿ ಜೋಡಿಸಿದ ಕೂಡಲೇ ಅಥವಾ ಸ್ವಲ್ಪ ಪ್ರಯತ್ನದಿಂದ ನಡೆಯುತ್ತವೆ. ನಮ್ಮ ಕಚೇರಿ, ಜೆರಾಕ್ಸ್ ಅಂಗಡಿಗಳಲ್ಲಿ ಬಹಳವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900ರಂಥವು ಕ್ಯಾಪ್ಟ್ ಎಂಬ ತಮ್ಮದೇ ಭಾಷೆಯನ್ನು ಬಳಸುವುದರಿಂದ ಅವಕ್ಕೆ ಬೇರೆ ಡ್ರೈವರ್ ಹುಡುಕಿ ಹಾಕಬೇಕಾಗುತ್ತದೆ.

ಲಿನಕ್ಸ್‌ನ ನೂರಾರು ವಿತರಣೆಗಳಲ್ಲಿ (ಬೇರೆ ಬೇರೆ ತಂಡಗಳು ಕಟ್ಟಿದ ರೂಪಗಳಲ್ಲಿ) ಮಿಂಟ್ ಆರಿಸಿದ್ದಕ್ಕೆ ಕಾರಣವಿದೆ. ಅದರ ಸಿನಮನ್ ಡೆಸ್ಕ್‌ಟಾಪ್‌ನಲ್ಲಿ ಮೆನು ಎಡಗಡೆ ಕೆಳಗೆ, ಗಡಿಯಾರ ಬಲಗಡೆ ಕೆಳಗೆ ಇರುವುದರಿಂದ ವಿಂಡೋಸ್ ಬಳಸಿದವರ ಕೈ ತಡವರಿಸುವುದಿಲ್ಲ. ಉಬುಂಟು ಎಂಬ ಇನ್ನೊಂದು ವಿತರಣೆಯ 24.04 ಆವೃತ್ತಿಯ ಮೇಲೆ ಕಟ್ಟಿರುವ ಮಿಂಟ್ 22ರ ಸರಣಿಗೆ 2029ರ ಏಪ್ರಿಲ್ ವರೆಗೆ ಅಪ್‌ಡೇಟ್ ಸಿಗುತ್ತದೆ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕೆಂದು ಮಿಂಟ್ ತಂಡ ಹೇಳಿದರೂ 4 ಜಿಬಿ ಇದ್ದರೇ ಹಿತ. ಅದಕ್ಕಿಂತ ಕಡಿಮೆಯಿದ್ದರೆ ಸಿನಮನ್ ಬದಲು ಇನ್ನೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ.

ಕಡತಗಳನ್ನು ಉಳಿಸಿಕೊಳ್ಳುವುದು

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಈ ನಾಲ್ಕನ್ನು ಎಲ್ಲರೂ ನಕಲು ಮಾಡುತ್ತಾರೆ. ತಪ್ಪಿಹೋಗುವುದು ಬೇರೆಡೆ. ಒನ್‌ಡ್ರೈವ್ ಫೋಲ್ಡರಿನಲ್ಲಿ ಮೋಡದ ಗುರುತಿರುವ ಕಡತಗಳು ನಿಮ್ಮ ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ಹೆಸರು ಮಾತ್ರ ಕಾಣುತ್ತದೆ. ಅವುಗಳ ಮೇಲೆ ಬಲ ಕ್ಲಿಕ್ ಮಾಡಿ, ಯಾವಾಗಲೂ ಈ ಸಾಧನದಲ್ಲಿ ಇರಿಸು ಎಂಬ ಆಯ್ಕೆ ಒತ್ತಿ, ಗುರುತು ಹಸಿರು ಆಗುವವರೆಗೆ ಕಾದು, ಬಳಿಕವೇ ನಕಲು ಮಾಡಬೇಕು. ಔಟ್‌ಲುಕ್‌ನಲ್ಲಿ ಇಮೇಲ್ ಓದುವವರ ಹಳೆಯ ಪತ್ರಗಳು ಬೇರೊಂದು ಕಡತದಲ್ಲಿರುತ್ತವೆ. ಕೆಲವು ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಆ್ಯಪ್‌ಡೇಟಾ ಎಂಬ ಅಡಗಿದ ಫೋಲ್ಡರಿನಲ್ಲೋ, ಸಿ ಡ್ರೈವಿನ ಬೇರಿನಲ್ಲೋ (ಡ್ರೈವ್ ತೆರೆದ ಕೂಡಲೇ ಕಾಣುವ ಮೊದಲ ಮಟ್ಟದಲ್ಲಿ) ಇಟ್ಟಿರುತ್ತವೆ. ಸಿ ಮಾತ್ರವಲ್ಲದೆ ಡಿ, ಇ ಡ್ರೈವ್‌ಗಳೂ ಒಂದೇ ಡಿಸ್ಕಿನ ತುಂಡುಗಳಾಗಿರಬಹುದು ಎಂಬುದನ್ನು ನೆನಪಿಡಿ. ಇಡೀ ಡಿಸ್ಕ್ ಅಳಿಸಿದಾಗ ಅವೂ ಹೋಗುತ್ತವೆ.

ನಕಲಾದ ಮೇಲೆ ಬಾಹ್ಯ ಡಿಸ್ಕನ್ನು ಇನ್ನೊಂದು ಗಣಕಕ್ಕೆ ಜೋಡಿಸಿ, ಹತ್ತಾರು ಕಡತಗಳನ್ನು ನಿಜವಾಗಿ ತೆರೆದು ನೋಡಿ. ಫೋಲ್ಡರಿನ ಗಾತ್ರ ಸರಿಯಾಗಿದ್ದರೂ ಒಳಗಿನ ಫೋಟೊ ತೆರೆಯದಿರುವುದುಂಟು. ಬ್ರೌಸರಿನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನು ಖಾತೆಗೆ ಸಿಂಕ್ ಮಾಡಿ ಅಥವಾ ಕಡತವಾಗಿ ಹೊರತೆಗೆಯಿರಿ. ಡಿಸ್ಕಿಗೆ ಬಿಟ್‌ಲಾಕರ್ ಗೂಢಲಿಪೀಕರಣ (ಕೀಲಿಯಿಲ್ಲದೆ ಡಿಸ್ಕನ್ನು ಓದಲಾಗದಂತೆ ಮಾಡುವ ವ್ಯವಸ್ಥೆ) ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಇದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಪಡೆದು ಕಾಗದದಲ್ಲಿ ಬರೆದಿಡಿ. ಮುಂದೆ ಬಯಾಸ್ (ಗಣಕ ಆನ್ ಆದಾಗ ಮೊದಲು ನಡೆಯುವ ಮೂಲ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದಾಗ ವಿಂಡೋಸ್ ಆ ಕೀಲಿಯನ್ನು ಕೇಳುವ ಸಂಭವವಿರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸವಿದೆ, ಅದನ್ನು ವಿಂಡೋಸ್ ಇರುವಾಗಲೇ ಮುಗಿಸಬೇಕು. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಪದ್ಧತಿ) ವ್ಯಾಪಕವಾಗುವ ಮುನ್ನ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಇರುವುದು ವಾಸ್ತವವಾಗಿ ಕನ್ನಡ ಅಕ್ಷರಗಳಲ್ಲ. ಲ್ಯಾಟಿನ್ ಸಂಕೇತಗಳ ಮೇಲೆ ಕನ್ನಡದ ರೂಪ ತೊಡಿಸಿದ ಫಾಂಟುಗಳು. ಆ ಫಾಂಟ್ ಇಲ್ಲದ ಗಣಕದಲ್ಲಿ ಅವು ಚಿತ್ರವಿಚಿತ್ರವಾಗಿ ತೆರೆದುಕೊಳ್ಳುತ್ತವೆ. ಅತ್ತೆಯವರ ನಾಟಕವೊಂದನ್ನು ಪರೀಕ್ಷೆಗೆಂದು ಮಿಂಟ್ ಇದ್ದ ನನ್ನ ಗಣಕದಲ್ಲಿ ತೆರೆದಾಗ ಪಾತ್ರಗಳ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಗೆರೆ, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲುಗಳು ಬಂದವು. ಅವರು ಗಾಬರಿಯಾದರು. ಕಡತ ಕೆಟ್ಟಿರಲಿಲ್ಲ, ಫಾಂಟ್ ಇರಲಿಲ್ಲ ಅಷ್ಟೆ.

ಇದಕ್ಕೆ ಎರಡು ಹೆಜ್ಜೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಮತ್ತು ಬರಹದ ಫಾಂಟುಗಳನ್ನು ಬಾಹ್ಯ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಮಿಂಟ್‌ನಲ್ಲಿ ಅವನ್ನು ಅನುಸ್ಥಾಪಿಸಿದರೆ ಹಳೆಯ ಕಡತಗಳನ್ನು ಓದಬಹುದು. ಆದರೆ ಮುಖ್ಯವಾದ ಕಡತಗಳನ್ನು ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿಡುವುದು ಶಾಶ್ವತ ಪರಿಹಾರ. ಪರಿವರ್ತಕಗಳು ನುಡಿ ಮತ್ತು ಬರಹ ತಂತ್ರಾಂಶಗಳ ಜತೆಗೇ ಬರುತ್ತವೆ. ಪರಿವರ್ತನೆಯಾದ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ಬರುವ ಕಡೆ ಕಣ್ಣಾಡಿಸಿ; ತಪ್ಪು ನುಸುಳುವುದು ಅಲ್ಲಿಯೇ. ಹದಿನಾಲ್ಕು ನಾಟಕಗಳಿಗೆ ನಮಗೆ ಒಂದಿಡೀ ಮಧ್ಯಾಹ್ನ ಬೇಕಾಯಿತು, ಮತ್ತು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಭಾಗ ಅದೇ.

ಡಿಸ್ಕ್ ಬದಲಿಸುವ ಅವಕಾಶ

ಲ್ಯಾಪ್‌ಟಾಪಿನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಆಪರೇಟಿಂಗ್ ಸಿಸ್ಟಂ ಬದಲಿಸುವ ಈ ಹೊತ್ತಿನಲ್ಲೇ ತಿರುಗುವ ಭಾಗವಿಲ್ಲದ, ಹೆಚ್ಚು ವೇಗದ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ ಎಂದು ಒತ್ತಿ ಹೇಳುತ್ತೇನೆ. ಹಳೆಯ ಯಂತ್ರದ ನಿಧಾನಕ್ಕೆ ಮುಖ್ಯ ಕಾರಣ ಸಾಮಾನ್ಯವಾಗಿ ಪ್ರೊಸೆಸರ್ ಅಲ್ಲ, ಆ ಡಿಸ್ಕ್. ಇದರಲ್ಲಿ ಇನ್ನೂ ದೊಡ್ಡ ಲಾಭವೆಂದರೆ ಮಿಂಟ್ ಹೊಸ ಡಿಸ್ಕಿಗೆ ಹೋಗುತ್ತದೆ, ವಿಂಡೋಸ್ ಇದ್ದ ಹಳೆಯ ಡಿಸ್ಕ್ ಒಂದು ಬೈಟೂ ಬದಲಾಗದೆ ಹೊರಗೆ ಬರುತ್ತದೆ. ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿ ಕೂರಿಸಿದರೆ ಅದೇ ನಿಮ್ಮ ಎರಡನೆಯ ಬ್ಯಾಕಪ್. ಒಂದು ವೇಳೆ ಮಿಂಟ್ ಒಗ್ಗದಿದ್ದರೆ ಆ ಡಿಸ್ಕನ್ನು ಮತ್ತೆ ಒಳಗೆ ಜೋಡಿಸಿದರಾಯಿತು. ಅತ್ತೆಯವರ ಲ್ಯಾಪ್‌ಟಾಪಿಗೆ ನಾವು ಮಾಡಿದ್ದೂ ಇದನ್ನೇ.

ಪೆನ್‌ಡ್ರೈವ್ ಸಿದ್ಧಪಡಿಸುವುದು

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮಿಂಟ್‌ನ ಅಧಿಕೃತ ಜಾಲತಾಣದಿಂದ ಸಿನಮನ್ ಆವೃತ್ತಿಯ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಿ. ಅದು ಇಡೀ ಮಿಂಟ್ ಅಡಕವಾಗಿರುವ, 3 ಜಿಬಿಗೆ ಹತ್ತಿರದ ಕಡತ, ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಧ್ಯೆ ಕಡಿದುಹೋಗುವ ಸಾಧ್ಯತೆಯಿದೆ. ಟೊರೆಂಟ್ ಮೂಲಕ ಇಳಿಸಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಇಳಿಸಿದ ಕಡತ ಪೂರ್ಣವಾಗಿದೆಯೇ ಎಂದು ಪರೀಕ್ಷಿಸುವುದನ್ನು ಬಿಡಬೇಡಿ. ಜಾಲತಾಣದಲ್ಲಿ ಪ್ರತಿ ಐಎಸ್‌ಒ ಜತೆ ಎಸ್‌ಎಚ್‌ಎ-256 ಮೊತ್ತವನ್ನು ಕೊಟ್ಟಿರುತ್ತಾರೆ. 64 ಅಕ್ಷರಗಳ ಈ ಸಾಲು ಕಡತದ ಬೆರಳಚ್ಚು ಇದ್ದಂತೆ, ಒಳಗೆ ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಇದ್ದರೆ ಕಡತದ ಮೇಲೆ ಬಲ ಕ್ಲಿಕ್ ಮಾಡಿ, ಎಸ್‌ಎಚ್‌ಎ ಪಟ್ಟಿಯಿಂದ 256 ಆರಿಸಿ, ಬಂದ ಸಾಲನ್ನು ಜಾಲತಾಣದ ಸಾಲಿನೊಂದಿಗೆ ಹೋಲಿಸಿ. ಹೊಂದದಿದ್ದರೆ ಮತ್ತೆ ಇಳಿಸಿ.

ಐಎಸ್‌ಒ ಕಡತವನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಗಣಕ ಅದರಿಂದ ಶುರುವಾಗುವುದಿಲ್ಲ. ಬಲೀನಾ ಎಚರ್ ಎಂಬ ಉಚಿತ ತಂತ್ರಾಂಶ ತೆರೆದು, ಐಎಸ್‌ಒ ಆರಿಸಿ, ಪೆನ್‌ಡ್ರೈವ್ ಆರಿಸಿ, ಫ್ಲ್ಯಾಶ್ ಒತ್ತಿ. ಬರೆದು ಮುಗಿದ ಮೇಲೆ ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಬಹುದು. ರದ್ದು ಒತ್ತಿ. ಪೆನ್‌ಡ್ರೈವಿನ ಹೊಸ ವಿನ್ಯಾಸ ವಿಂಡೋಸ್‌ಗೆ ಅರ್ಥವಾಗದೆ ಬರುವ ಪ್ರಶ್ನೆಯದು. ಹೌದು ಎಂದರೆ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ.

ಅನುಸ್ಥಾಪಿಸದೆ ಪರೀಕ್ಷಿಸುವುದು

ಗಣಕವನ್ನು ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಪದೇ ಪದೇ ಒತ್ತಿ. ಡೆಲ್ ಮತ್ತು ಬಹುಪಾಲು ಲೆನೊವೊ ಯಂತ್ರಗಳಲ್ಲಿ ಅದು ಎಫ್12, ಎಚ್‌ಪಿಯಲ್ಲಿ ಎಫ್9, ಆಸೂಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಕೀಲಿ ಕೈಗೆ ಸಿಗದಿದ್ದರೆ ವಿಂಡೋಸ್‌ನೊಳಗಿಂದಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಬರುವ ನೀಲಿ ಪರದೆಯಲ್ಲಿ ಸಾಧನ ಬಳಸು ಎಂಬ ಆಯ್ಕೆಗೆ ಹೋಗಿ ಯುಎಸ್‌ಬಿ ಆರಿಸಬಹುದು. ಸೆಕ್ಯೂರ್ ಬೂಟ್ (ಸಹಿ ಇರುವ ವ್ಯವಸ್ಥೆಗಳನ್ನು ಮಾತ್ರ ಶುರುವಾಗಲು ಬಿಡುವ ಭದ್ರತೆ) ಆಫ್ ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ, ಮಿಂಟ್ ಅದರೊಂದಿಗೇ ಶುರುವಾಗುತ್ತದೆ. ಪರದೆ ಕಪ್ಪಾಗಿ ನಿಂತರೆ ಆರಂಭದ ಮೆನುವಿನಲ್ಲಿರುವ ಕಂಪ್ಯಾಟಿಬಿಲಿಟಿ ಮೋಡ್ ಪ್ರಯತ್ನಿಸಿ.

ಒಂದೆರಡು ನಿಮಿಷದಲ್ಲಿ ಪೂರ್ಣ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಇದು ಪೆನ್‌ಡ್ರೈವಿನಿಂದ ನಡೆಯುತ್ತಿದೆ, ನಿಮ್ಮ ಡಿಸ್ಕಿನಲ್ಲಿ ಇನ್ನೂ ಏನೂ ಬದಲಾಗಿಲ್ಲ. ಇಲ್ಲಿ ಒಂದು ಗಂಟೆ ಕಳೆಯಿರಿ. ವೈ-ಫೈ ಸಿಗುತ್ತದೆಯೇ, ಸ್ಪೀಕರಿನಲ್ಲೂ ಹೆಡ್‌ಫೋನಿನಲ್ಲೂ ಧ್ವನಿ ಬರುತ್ತದೆಯೇ, ಕ್ಯಾಮೆರಾ, ಪರದೆಯ ಬೆಳಕು, ಟಚ್‌ಪ್ಯಾಡಿನಲ್ಲಿ ಎರಡು ಬೆರಳಿನ ಸ್ಕ್ರೋಲ್, ಮುಚ್ಚಳ ಮುಚ್ಚಿ ತೆರೆದಾಗ ಗಣಕ ಎಚ್ಚರಗೊಳ್ಳುವುದು, ಎಲ್ಲವನ್ನೂ ಒಂದೊಂದಾಗಿ ನೋಡಿ. ಪ್ರಿಂಟರ್ ಜೋಡಿಸಿ ಒಂದು ಹಾಳೆ ಮುದ್ರಿಸಿ. ಬ್ರಾಡ್‌ಕಾಮ್ ವೈ-ಫೈ ಚಿಪ್ ಇರುವ ಕೆಲವು ಯಂತ್ರಗಳಲ್ಲಿ ಡ್ರೈವರ್ ಹಾಕುವವರೆಗೆ ಸಂಪರ್ಕ ಸಿಗುವುದಿಲ್ಲ. ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಆ ಡ್ರೈವರ್ ಇಳಿಸಿಕೊಳ್ಳುವಷ್ಟು ಇಂಟರ್ನೆಟ್ ದೊರೆಯುತ್ತದೆ.

ಹಳೆಯ ಡಿಸ್ಕನ್ನೇ ಉಳಿಸಿಕೊಳ್ಳುವವರು ಮೆನುವಿನಿಂದ ಡಿಸ್ಕ್ಸ್ ಎಂಬ ಉಪಕರಣ ತೆರೆದು ಅದರ ಸ್ಮಾರ್ಟ್ ದತ್ತಾಂಶ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಲೇಬೇಕು. ಮರುಹಂಚಿಕೆಯಾದ (ಕೆಟ್ಟದ್ದರಿಂದ ಬದಲಿ ಕೊಡಲಾದ) ಸೆಕ್ಟರ್‌ಗಳ ಸಂಖ್ಯೆ ಸೊನ್ನೆಯಿದ್ದರೆ ಸಮಾಧಾನ. ಅದು ಸೊನ್ನೆಗಿಂತ ಹೆಚ್ಚಿದ್ದು, ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಸಾಯುತ್ತಿದೆ, ಅದರ ಮೇಲೆ ಹೊಸದೇನನ್ನೂ ಹಾಕಬೇಡಿ.

ಅನುಸ್ಥಾಪನೆ

ಈಗ ಚಾರ್ಜರ್ ಜೋಡಿಸಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ. ಡಿಸ್ಕಿಗೆ ಬರೆಯುವಾಗ ವಿದ್ಯುತ್ ನಿಂತರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಇನ್ನೂ ಮುಖ್ಯವಾದ ಮಾತು: ಬ್ಯಾಕಪ್ ಡಿಸ್ಕನ್ನು ಕಿತ್ತು ಬೇರೆ ಕೋಣೆಯಲ್ಲಿಡಿ. ಕೆಲವು ವರ್ಷಗಳ ಹಿಂದೆ ನನ್ನದೇ ಲ್ಯಾಪ್‌ಟಾಪಿಗೆ ಮಿಂಟ್ ಹಾಕುವಾಗ ಬಾಹ್ಯ ಡಿಸ್ಕ್ ಜೋಡಿಸಿಯೇ ಇದ್ದೆ. ಎರಡೂ 1 ಟಿಬಿ. ಪಟ್ಟಿಯಲ್ಲಿ ಕಂಡ ಎರಡು ಹೆಸರುಗಳಲ್ಲಿ ತಪ್ಪಾದುದನ್ನು ಆರಿಸಿದೆ. ನಾಲ್ಕು ವರ್ಷಗಳ ಫೋಟೊಗಳ ಬ್ಯಾಕಪ್ ಕೆಲವೇ ಕ್ಷಣಗಳಲ್ಲಿ ಹೋಯಿತು. ಮೂಲ ಪ್ರತಿ ಲ್ಯಾಪ್‌ಟಾಪಿನಲ್ಲಿ ಇನ್ನೂ ಅಳಿಯದೆ ಇದ್ದದ್ದರಿಂದ ಉಳಿದುಕೊಂಡೆ. ಜೋಡಿಸದ ಡಿಸ್ಕನ್ನು ಯಾರೂ ತಪ್ಪಾಗಿ ಅಳಿಸಲಾರರು.

ಡೆಸ್ಕ್‌ಟಾಪ್ ಮೇಲಿರುವ ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಗುರುತನ್ನು ತೆರೆಯಿರಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಆದರೆ ಅನುವಾದ ಎಲ್ಲ ಕಡೆ ಪೂರ್ಣವಾಗಿಲ್ಲದ ಕಾರಣ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಾಣುತ್ತದೆ. ಸಹಾಯ ಕೇಳಿದಾಗ ಇತರರು ಹೇಳುವ ಮೆನುಗಳ ಹೆಸರು ಹೊಂದಬೇಕೆಂದು ಮೊದಲ ಬಾರಿಗೆ ಇಂಗ್ಲಿಷ್ ಆರಿಸಿ, ಆಮೇಲೆ ಬದಲಿಸಿಕೊಳ್ಳಬಹುದು. ಕೀಲಿಮಣೆ ಮಾತ್ರ ಈ ಹಂತದಲ್ಲಿ ಇಂಗ್ಲಿಷೇ ಇರಲಿ, ಇಲ್ಲವಾದರೆ ಪಾಸ್‌ವರ್ಡ್ ಕನ್ನಡದಲ್ಲಿ ಸೇರಿಕೊಂಡು ಲಾಗಿನ್ ಪರದೆಯಲ್ಲಿ ತೊಂದರೆಯಾಗುತ್ತದೆ. ರೂಪಾಯಿ ಚಿಹ್ನೆ ಇರುವ ಭಾರತೀಯ ಇಂಗ್ಲಿಷ್ ವಿನ್ಯಾಸ ಆರಿಸಿದರೆ ಬಲಗಡೆಯ ಆಲ್ಟ್ ಜತೆ 4 ಒತ್ತಿದಾಗ ₹ ಮೂಡುತ್ತದೆ.

ಮುಂದೆ ಹಾಡು, ವಿಡಿಯೊ ನಡೆಸಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗಳ ಚೌಕಕ್ಕೆ ಗುರುತು ಹಾಕಿ. ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ಇಲ್ಲಿಯೇ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳಬಹುದು, ಬರೆದಿಟ್ಟುಕೊಳ್ಳಿ. ಅನುಸ್ಥಾಪನೆಯ ನಂತರ ಮೊದಲ ಸಲ ಶುರುವಾಗುವಾಗ ಬರುವ ನೀಲಿ ಪರದೆಯಲ್ಲಿ ಎನ್‌ರೋಲ್ ಮಾಕ್ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವು ಸೆಕೆಂಡುಗಳಷ್ಟೇ ಕಾಯುತ್ತದೆ, ಕಣ್ಣಿಟ್ಟಿರಿ.

ಅನುಸ್ಥಾಪನೆಯ ಬಗೆಯನ್ನು ಕೇಳುವ ಪರದೆಯೇ ನಿರ್ಣಾಯಕ. ವಿಂಡೋಸನ್ನು ಪೂರ್ತಿ ತೆಗೆಯುವವರು ಡಿಸ್ಕ್ ಅಳಿಸಿ ಮಿಂಟ್ ಹಾಕುವ ಆಯ್ಕೆಯನ್ನು ಒತ್ತಬೇಕು. ವಿಂಡೋಸ್ ಪಕ್ಕದಲ್ಲೇ ಹಾಕುವ ಆಯ್ಕೆಯೂ ಅಲ್ಲಿ ಕಾಣುತ್ತದೆ. ಹೊಸಬರು ಸುರಕ್ಷಿತವೆಂದು ಅದನ್ನು ಆರಿಸುತ್ತಾರೆ, ಆದರೆ ಡಿಸ್ಕಿನ ಪಾರ್ಟಿಷನ್ (ವಿಭಾಗ) ಕುಗ್ಗಿಸುವುದು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು, ಗಡಿಯಾರ ವ್ಯತ್ಯಾಸ ಸರಿಪಡಿಸುವುದು ಎಂದೆಲ್ಲ ಹೆಚ್ಚುವರಿ ಕೆಲಸಗಳು ಅದರ ಬೆನ್ನಿಗೆ ಬರುತ್ತವೆ. ಡಿಸ್ಕ್ ಪಟ್ಟಿಯಲ್ಲಿ ಕಾಣುವ ಗಾತ್ರ ಮತ್ತು ತಯಾರಕರ ಹೆಸರನ್ನು ಓದಿ: ಸಾಟಾ ಡಿಸ್ಕಿನ ಹೆಸರು ಎಸ್‌ಡಿ ಎಂದೂ ಎನ್‌ವಿಎಂಇ ಡಿಸ್ಕಿನದು ಎನ್‌ವಿಎಂಇ ಎಂದೂ ಆರಂಭವಾಗುತ್ತದೆ. ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಶೇಖರಣೆಯ ವಿಧಾನ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿರುವ ಸಂಭವವೇ ಹೆಚ್ಚು. ಅದನ್ನು ಎಎಚ್‌ಸಿಐಗೆ ಬದಲಿಸಿ.

ಸುಧಾರಿತ ಆಯ್ಕೆಗಳಲ್ಲಿ ಇಡೀ ಡಿಸ್ಕನ್ನು ಗೂಢಲಿಪೀಕರಿಸುವ ಅನುಕೂಲವಿದೆ. ಬಸ್ಸು, ರೈಲಿನಲ್ಲಿ ಲ್ಯಾಪ್‌ಟಾಪ್ ಹೊತ್ತು ತಿರುಗುವವರು ಅದನ್ನು ಆರಿಸಲಿ. ಮನೆ ಬಿಟ್ಟು ಹೊರಗೆ ಹೋಗದ ಯಂತ್ರಕ್ಕೆ, ಅದರಲ್ಲೂ ಹಿರಿಯರು ಬಳಸುವುದಕ್ಕೆ, ನಾನು ಹಾಕುವುದಿಲ್ಲ. ಆ ಪಾಸ್‌ವರ್ಡ್ ಮರೆತರೆ ಕಡತಗಳನ್ನು ಯಾರೂ ಮರಳಿ ತರಲಾರರು.

ಇನ್‌ಸ್ಟಾಲ್ ನೌ ಒತ್ತಿದಾಗ ಯಾವ ಡಿಸ್ಕಿನಲ್ಲಿ ಏನು ಬದಲಾಗುತ್ತದೆಂಬ ಪಟ್ಟಿ ಬರುತ್ತದೆ. ಹಿಂದಿರುಗಲು ಇದು ಕೊನೆಯ ಅವಕಾಶ. ಓದಿ, ಖಚಿತವಾದರೆ ಮುಂದುವರಿಯಿರಿ. ಬಳಿಕ ಭೂಪಟದಲ್ಲಿ ಭಾರತದ ಮೇಲೆ ಕ್ಲಿಕ್ಕಿಸಿದರೆ ಕೋಲ್ಕತ್ತ ಸಮಯವಲಯ ಬರುತ್ತದೆ; ನಿಮ್ಮ ಹೆಸರು, ಪಾಸ್‌ವರ್ಡ್ ಕೊಡಿ. ಮುಗಿದ ಮೇಲೆ ರೀಸ್ಟಾರ್ಟ್ ಹೇಳಿ, ಸೂಚನೆ ಬಂದಾಗ ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ.

ಮೊದಲ ದಿನ

ತೆರೆದುಕೊಳ್ಳುವ ಸ್ವಾಗತ ಕಿಟಕಿಯಲ್ಲಿನ ಮೊದಲ ಹೆಜ್ಜೆಗಳನ್ನು ಅನುಸರಿಸಿ. ಅಪ್‌ಡೇಟ್ ಮ್ಯಾನೇಜರ್‌ನಿಂದ ಎಲ್ಲ ಅಪ್‌ಡೇಟ್ ಹಾಕಿ, ಡ್ರೈವರ್ ಮ್ಯಾನೇಜರ್ ಒಮ್ಮೆ ತೆರೆದು ನೋಡಿ, ಫೈರ್‌ವಾಲ್ ಆನ್ ಮಾಡಿ. ಟೈಮ್‌ಶಿಫ್ಟ್‌ನಲ್ಲಿ ವಾರಕ್ಕೊಂದು ಸ್ನ್ಯಾಪ್‌ಶಾಟ್ ನಿಗದಿಪಡಿಸಿದರೆ ಯಾವುದೋ ಅಪ್‌ಡೇಟ್ ಕೆಟ್ಟಾಗ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಒಯ್ಯಬಹುದು. ಆದರೆ ಅದು ಉಳಿಸುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ. ನಿಮ್ಮ ದಾಖಲೆ, ಫೋಟೊಗಳು ಅದರಲ್ಲಿ ಸೇರುವುದಿಲ್ಲ, ಅವುಗಳ ಬ್ಯಾಕಪ್ ಪ್ರತ್ಯೇಕವಾಗಿ ನಡೆಯಬೇಕು.

ಕನ್ನಡ ಓದಲು ಬೇಕಾದ ಫಾಂಟ್ ಇಲ್ಲದೆ ಚೌಕಗಳು ಕಂಡರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳನ್ನು ಹುಡುಕಿ ಹಾಕಿ. ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟುಗಳಲ್ಲಿದ್ದ ವರ್ಡ್ ಕಡತಗಳು ಲಿಬ್ರೆಆಫೀಸ್‌ನಲ್ಲಿ ಬೇರೆ ಫಾಂಟಿನಲ್ಲಿ ತೆರೆದುಕೊಂಡು ಪುಟಗಳ ಸಂಖ್ಯೆ ಹೆಚ್ಚುಕಡಿಮೆಯಾಗಬಹುದು; ಪಠ್ಯಕ್ಕೆ ಏನೂ ಆಗಿರುವುದಿಲ್ಲ.

ಟೈಪ್ ಮಾಡಲು ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ವಿಭಾಗದಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ಸಿಗುತ್ತವೆ. ಆದರೆ ವರ್ಷಗಟ್ಟಲೆ ನುಡಿಯಲ್ಲಿ ಬರೆದ ಬೆರಳುಗಳಿಗೆ ಅಲ್ಲಿನ ಕಗಪ ಸ್ವಲ್ಪ ಅಪರಿಚಿತವೆನಿಸುತ್ತದೆ, ಏಕೆಂದರೆ ಅದರಲ್ಲಿ ಸ್ವರಚಿಹ್ನೆಗೂ ಬಿಡಿಸ್ವರಕ್ಕೂ ಬೇರೆ ಬೇರೆ ಕೀಲಿಗಳನ್ನು ಒತ್ತಬೇಕು. ಅಂಥವರು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಬಂದು, ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಜಿಪಿ (ನುಡಿಯ ರೂಢಿಗೆ ಹತ್ತಿರದ ಕಗಪ) ವಿನ್ಯಾಸ ಸೇರಿಸಿಕೊಳ್ಳಲಿ. ಅತ್ತೆಯವರು ಅದರಲ್ಲಿ ಮೊದಲು ಟೈಪ್ ಮಾಡಿದ್ದು ತಮ್ಮ ಊರಿನ ಹೆಸರು. ಎಫ್ ಒತ್ತಿದಾಗ ಒತ್ತಕ್ಷರ ಸರಿಯಾಗಿ ಕೂತದ್ದನ್ನು ನೋಡಿ ಕನ್ನಡಕ ಸರಿಪಡಿಸಿಕೊಂಡು ಮುಂದಿನ ಸಾಲಿಗೆ ಹೋದರು.

ಹಳೆಯ ವಿಂಡೋಸ್ ಡಿಸ್ಕನ್ನು, ಅಥವಾ ಬ್ಯಾಕಪ್ಪನ್ನು, ಕನಿಷ್ಠ ಮೂರು ತಿಂಗಳು ಮುಟ್ಟಬೇಡಿ. ಮಿಂಟ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕುಗಳನ್ನು ನೇರವಾಗಿ ಓದುತ್ತದೆ. ನಮಗೆ ಆರನೆಯ ವಾರದಲ್ಲಿ ಪಿಂಚಣಿ ಆದೇಶದ ಸ್ಕ್ಯಾನ್ ಪ್ರತಿ ಬೇಕಾಯಿತು, ನಕಲು ಮಾಡಿದ ಯಾವ ಫೋಲ್ಡರಿನಲ್ಲೂ ಅದು ಇರಲಿಲ್ಲ. ಹಳೆಯ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಜೋಡಿಸಿ ಹುಡುಕಿದಾಗ, ಸ್ಕ್ಯಾನರಿನ ತಂತ್ರಾಂಶ ಸಿ ಡ್ರೈವಿನ ಬೇರಿನಲ್ಲಿ ತನ್ನದೇ ಫೋಲ್ಡರ್ ಮಾಡಿಕೊಂಡು ಅದನ್ನು ಅಲ್ಲಿ ಇಟ್ಟಿತ್ತು.